ಹೆಸರು ನಮ್ದು, ಮ್ಯಾಚ್ ಎಲ್ಲಿ? ಗುಲ್ಬರ್ಗಾ ಮಿಸ್ಟಿಕ್ಸ್ ಟೀಮಿನ ಕಥಿ

ಯಾದಗಿರಿ, ಶಹಾಪುರ, ಸುರಪುರದಿಂದ ಕೇಳ್ತಿರೋ ಗೆಳೆಯರಿಗೂ, ಕೆಲಸಕ್ಕಂತ ಬೆಂಗಳೂರು, ಪುಣೆ ಸೇರಿದ ನಮ್ಮ ಕಡೆ ಮಂದಿಗೂ ಸ್ವಾಗತ. ಇವತ್ತು ಒಂದು ಕ್ರಿಕೆಟ್ ಟೀಮಿನ ಚರಿತ್ರೆ ನೋಡೋಣು. ಟೀಮ್ ಹುಟ್ಟಿದ್ದು 2022ರಲ್ಲಿ, ಅದರ ಹಿಂದಿನ ಕಥಿ ಮಾತ್ರ 2009ರಿಂದ ಶುರು ಆಗ್ತದ.

ಮೊದಲು ಖುಷಿ ಸುದ್ದಿ. 2022ರ ಆಗಸ್ಟ್ 26, ಚಿನ್ನಸ್ವಾಮಿ ಸ್ಟೇಡಿಯಂ, ಮಹಾರಾಜ ಟ್ರೋಫಿಯ ಮೊಟ್ಟಮೊದಲ ಫೈನಲ್. ಒಂದು ಕಡೆ ಮಯಂಕ್ ಅಗರ್ವಾಲ್ ಅವರ ಬೆಂಗಳೂರು ಬ್ಲಾಸ್ಟರ್ಸ್, ಇನ್ನೊಂದು ಕಡೆ ಮನೀಷ್ ಪಾಂಡೆ ಕ್ಯಾಪ್ಟನ್ ಆಗಿದ್ದ ಗುಲ್ಬರ್ಗಾ ಮಿಸ್ಟಿಕ್ಸ್. ನಮ್ಮೋರು 20 ಓವರಿಗೆ 220 ಹೊಡೆದ್ರು. ಬೆಂಗಳೂರಿನೋರು ಹತ್ತಿರ ಬಂದು 11 ರನ್ನಿಗೆ ಸೋತ್ರು. ರಾಜಧಾನಿ ಟೀಮನ್ನ ರಾಜಧಾನಿಯಲ್ಲೇ ಸೋಲಿಸಿ, ಮೊದಲ ಕಪ್ಪಿನ ಮ್ಯಾಲೆ ಕಲಬುರಗಿ ಹೆಸರು ಬಿತ್ತು.

"ನಮ್ಮೋರು" ಅಂದೆ ನೋಡ್ರಿ, ಆ ಶಬ್ದ ನೆನಪಿರಲಿ. ಈ ಎಪಿಸೋಡ್ ಇರೋದೇ ಅದರ ಮ್ಯಾಲೆ.

ಕೆಪಿಎಲ್ ಕಾಲ

ಐಪಿಎಲ್ 2008ರಲ್ಲಿ ಬಂತು. ಮರುವರ್ಷವೇ ರಾಜ್ಯ ಕ್ರಿಕೆಟ್ ಸಂಸ್ಥೆ, ಅಂದ್ರೆ ಕೆಎಸ್‌ಸಿಎ, ತನ್ನದೇ ಕರ್ನಾಟಕ ಪ್ರೀಮಿಯರ್ ಲೀಗ್ ಶುರು ಮಾಡಿತು. ಬೆಂಗಳೂರಿನ ಕ್ಲಬ್ಬುಗಳಲ್ಲೇ ಸುತ್ತುತಿದ್ದ ಆಟ ಜಿಲ್ಲೆಗಳಿಗೂ ಹೋಗಲಿ ಅನ್ನೋದು ಲೆಕ್ಕ. ಅದೇ 2009ರ ಡಿಸೆಂಬರ್ 30ಕ್ಕೆ ಯಾದಗಿರಿ, ಶಹಾಪುರ, ಸುರಪುರ ತಾಲ್ಲೂಕುಗಳು ಗುಲ್ಬರ್ಗಾದಿಂದ ಬೇರೆಯಾಗಿ ಹೊಸ ಜಿಲ್ಲೆ ಆದವು.

ಲೀಗ್ ನಡುವೆ ನಿಂತು, 2014ರಲ್ಲಿ ಮತ್ತೆ ಎದ್ದಿತು. ಬಿಜಾಪುರ ಬುಲ್ಸ್, ಬೆಳಗಾವಿ ಪ್ಯಾಂಥರ್ಸ್, ಹುಬ್ಬಳ್ಳಿ ಟೈಗರ್ಸ್, ಬಳ್ಳಾರಿ ಟಸ್ಕರ್ಸ್ ಎಲ್ಲಾ ಹೆಸರು ಮಾಡಿದವು. ಹುಬ್ಬಳ್ಳಿಯ ರಾಜನಗರ ಸ್ಟೇಡಿಯಂನಲ್ಲಿ ಮ್ಯಾಚುಗಳೂ ಆದವು. ಕಲಬುರಗಿ ಹೆಸರಿನ ಟೀಮ್ ಮಾತ್ರ ಇರಲಿಲ್ಲ. ಹಂಗಾಗಿ ನಮ್ಮ ಹುಡುಗರು ಪಕ್ಕದ ಬಿಜಾಪುರಕ್ಕೋ ಬಳ್ಳಾರಿಗೋ ಜೈ ಅನ್ನಬೇಕಿತ್ತು.

ಫೈನಲ್ ಮುಗಿದ ಮ್ಯಾಲೆ

2019ರ ಫೈನಲ್ ಮೈಸೂರಿನಲ್ಲಿ ನಡೀತು. ಬಳ್ಳಾರಿಯನ್ನ ಸೋಲಿಸಿ ಹುಬ್ಬಳ್ಳಿ ಗೆದ್ದಿತು. ಆದ್ರ ಎರಡು ತಿಂಗಳೊಳಗೆ ಬೆಂಗಳೂರಿನ ಸಿಸಿಬಿ ಪೊಲೀಸರು ಒಬ್ಬೊಬ್ಬರನ್ನೇ ಅರೆಸ್ಟ್ ಮಾಡೋಕೆ ಶುರು ಮಾಡಿದ್ರು. ಅದರಾಗ ಒಂದು ಟೀಮಿನ ಮಾಲೀಕರೂ ಇದ್ದರು, ಆಟಗಾರರೂ ಇದ್ದರು. ಆ ಫೈನಲ್‌ನಲ್ಲೇ ದುಡ್ಡಿಗಾಗಿ ಬೇಕಂತಲೇ ನಿಧಾನ ಆಡಿದ್ರು ಅನ್ನೋದೂ ಆರೋಪಗಳಲ್ಲೊಂದು. ಕೆಎಸ್‌ಸಿಎ ಲೀಗನ್ನ ನಿಲ್ಲಿಸಿತು. ಆಮೇಲೆ ಕೊರೊನಾ.

ಇಲ್ಲೊಂದು ಕಾನೂನಿನ ತಿರುವು ಅದ. 2022ರ ಜನವರಿಯಲ್ಲಿ ಹೈಕೋರ್ಟ್, ಹೋಗಿದ್ದ ಆರೋಪಿಗಳ ಮ್ಯಾಲಿನ ಪ್ರಕರಣವನ್ನ ರದ್ದು ಮಾಡಿತು. ಯಾಕ? 420 ಸೆಕ್ಷನ್, ಅಂದ್ರೆ ವಂಚನೆ, ಹಚ್ಚಬೇಕಂದ್ರ ಯಾರನ್ನೋ ಮೋಸದಿಂದ ನಂಬಿಸಿ ಅವರ ಕೈಯಿಂದ ದುಡ್ಡೋ ಆಸ್ತಿಯೋ ಬಿಡಿಸಿಕೊಂಡಿರಬೇಕು. ಪ್ರೇಕ್ಷಕ ಟಿಕೆಟ್ ತಗೊಂಡಿದ್ದು ತನ್ನ ಇಷ್ಟದಿಂದ. ಹಂಗಾಗಿ ಮ್ಯಾಚ್ ಫಿಕ್ಸಿಂಗ್ ಶಿಸ್ತುಭಂಗ ಆಗಬಹುದು, ಕ್ರಮ ತಗೊಳ್ಳೋದು ಬಿಸಿಸಿಐ ಕೆಲಸ, ಅದು ವಂಚನೆ ಅಪರಾಧ ಆಗೋದಿಲ್ಲ ಅನ್ನೋದು ಕೋರ್ಟಿನ ತರ್ಕ. ಒಬ್ಬ ಅಭಿಮಾನಿಗೆ ಮೋಸ ಆಯ್ತು ಅಂತ ಅನಿಸಬಹುದು, ಕಾನೂನಿನ ಲೆಕ್ಕದಲ್ಲಿ ಆತ ಏನೂ ಕಳಕೊಂಡಿಲ್ಲ.

ಹೊಸ ಹೆಸರು, ಹೊಸ ಟೀಮು

ಕೆಟ್ಟ ಹೆಸರು ಕಳಕೋಬೇಕಿತ್ತು. ಅದಕ್ಕ 2022ರಲ್ಲಿ ಹೊಸ ಟೂರ್ನಿ ಬಂತು, ಮಹಾರಾಜ ಟ್ರೋಫಿ. ಕೆಎಸ್‌ಸಿಎ ಅಧ್ಯಕ್ಷರಾಗಿದ್ದು 2013ರಲ್ಲಿ ತೀರಿಕೊಂಡ ಶ್ರೀಕಂಠದತ್ತ ನರಸಿಂಹರಾಜ ಒಡೆಯರ್ ಅವರ ನೆನಪಿಗೆ ಆ ಹೆಸರು. ಮೊದಲ ವರ್ಷ ಟೀಮುಗಳನ್ನ ಮಾಲೀಕರಿಗೆ ಮಾರಲಿಲ್ಲ, ಪ್ರಾಯೋಜಕರನ್ನಷ್ಟೇ ಹುಡುಕಿದ್ರು. ಆರು ಟೀಮು: ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರು, ಶಿವಮೊಗ್ಗ, ಗುಲ್ಬರ್ಗಾ. ಅಂತೂ ನಮಗೊಂದು ಸೀಟು ಸಿಕ್ಕಿತು.

ಹೆಸರು ಮಾತ್ರ ಹಳೇದು. 2014ರ ನವೆಂಬರ್ 1ಕ್ಕೇ ಸರ್ಕಾರ ಊರಿನ ಹೆಸರನ್ನ ಕಲಬುರಗಿ ಅಂತ ಮಾಡಿ ಆಗಿತ್ತು, ಟೀಮ್ ಗುಲ್ಬರ್ಗಾ ಅಂತಲೇ ಹುಟ್ಟಿತು. ಮಿಸ್ಟಿಕ್ಸ್ ಅಂದ್ರೆ ಅನುಭಾವಿಗಳು. ಶರಣಬಸವೇಶ್ವರರ ಗುಡಿ, ಬಂದೇ ನವಾಜರ ದರ್ಗಾ ಎರಡೂ ಇರೋ ಊರಿಗೆ ಇದಕ್ಕಿಂತ ಒಪ್ಪೋ ಹೆಸರು ಸಿಗೋದಿಲ್ಲ ಬಿಡ್ರಿ.

ಕ್ಯಾಪ್ಟನ್ ಹೊಂಟ

2023ರಲ್ಲಿ ಫ್ರಾಂಚೈಸಿ, ಹರಾಜು ಎರಡೂ ವಾಪಸ್ ಬಂದವು. ಒಂದೊಂದು ಟೀಮಿಗೆ 50 ಲಕ್ಷ ರೂಪಾಯಿ ಮಿತಿ. ಗುಲ್ಬರ್ಗಾ 13.2 ಲಕ್ಷ ಕೊಟ್ಟು ದೇವದತ್ತ ಪಡಿಕ್ಕಲ್ ಅವರನ್ನ ತಗೊಂಡಿತು. ಕಪ್ ಗೆದ್ದುಕೊಟ್ಟ ಮನೀಷ್ ಪಾಂಡೆ 10.6 ಲಕ್ಷಕ್ಕೆ ಹುಬ್ಬಳ್ಳಿ ಪಾಲಾದ್ರು. ಆ ವರ್ಷ ಹುಬ್ಬಳ್ಳಿ ಕಪ್ ಗೆದ್ದಿತು, ಕ್ಯಾಪ್ಟನ್ ಅವರೇ!

ಇದು ತಪ್ಪಲ್ಲ, ಹರಾಜಿನ ಆಟ ಇರೋದೇ ಹಿಂಗ. ಆದ್ರ ಬಿ.ಕಾಂ. ಓದಿದವನಿಗೆ ಒಂದು ಪ್ರಶ್ನೆ ಬರ್ತದ. ಅಂಗಡಿ ಮಾರುವಾಗ ಸಾಮಾನಿನ ಬೆಲೆ ಬೇರೆ, ಅಂಗಡಿ ಹೆಸರಿಗಿರೋ ಬೆಲೆ ಬೇರೆ. ಎರಡನೇದಕ್ಕೆ ಅಕೌಂಟ್ಸ್‌ನಲ್ಲಿ ಗುಡ್‌ವಿಲ್ ಅಂತಾರ. ಈ ಟೀಮಿನಲ್ಲಿ ಆಟಗಾರರು ಬದಲಾಗ್ತಾರ, ಪ್ರಾಯೋಜಕರು ಬದಲಾಗ್ತಾರ. ಬದಲಾಗದೇ ಉಳಿಯೋದು ಊರಿನ ಹೆಸರೊಂದೇ. ಹಂಗಾದ್ರ ಆ ಗುಡ್‌ವಿಲ್ ಯಾರದು? ಅದಕ್ಕ ಬದಲಾಗಿ ಊರಿಗೆ ಏನು ಬಂತು?

ಒಂದು ಉತ್ತರ ಅದ. ಪ್ರತಿ ಟೀಮಿನಲ್ಲೂ ಆ ಭಾಗದ ಕನಿಷ್ಠ ಇಬ್ಬರು ಆಟಗಾರರು ಇರಬೇಕು ಅನ್ನೋ ನಿಯಮ. ಕೆಲಸಕ್ಕ, ಕಾಲೇಜ್ ಸೀಟಿಗೆ ನಮಗ 371(ಜೆ) ಇದ್ದಂಗ, ಕ್ರಿಕೆಟಿಗೆ ಇದು ಅನ್ಕೋರಿ. ಇಬ್ಬರಂದ್ರ ಕಡಿಮೆ ಅನಿಸ್ತದ, ಆದ್ರ ಆ ಬಾಗಿಲಿನ ಬೆಲೆ ದೊಡ್ಡದು. ಆರ್. ಸ್ಮರಣ್ ಅವರನ್ನ ನೋಡ್ರಿ, ಅವರು ನಮ್ಮ ಕಡೆಯವರಲ್ಲ. 2024ರಲ್ಲಿ ಮಿಸ್ಟಿಕ್ಸ್ ಪರ ಸೆಂಚುರಿ ಹೊಡೆದ್ರು. 2025ರ ಜನವರಿಯಲ್ಲಿ ವಿಜಯ್ ಹಜಾರೆ ಫೈನಲ್‌ನಲ್ಲಿ ಕರ್ನಾಟಕಕ್ಕೆ 101 ರನ್ ಮಾಡಿದ್ರು, ರಾಜ್ಯ ಕಪ್ ಗೆದ್ದಿತು. ಏಪ್ರಿಲ್‌ನಲ್ಲಿ ಹೈದರಾಬಾದ್ ಐಪಿಎಲ್ ಟೀಮು ಕರೀತು. ಒಂದು ವರ್ಷದೊಳಗೆ ಇಷ್ಟು ಮೆಟ್ಟಿಲು. ಆ ಮೆಟ್ಟಿಲ ಮ್ಯಾಲೆ ಒಬ್ಬ ಸುರಪುರದ ಹುಡುಗ ನಿಲ್ಲಬೇಕಂದ್ರ, ಟೆನಿಸ್ ಬಾಲ್ ಟೂರ್ನಿಯಿಂದ ಲೆದರ್ ಬಾಲಿಗೆ, ಮಣ್ಣಿನ ಪಿಚ್‌ನಿಂದ ಟರ್ಫಿಗೆ ದಾಟೋ ದಾರಿ ಊರ ಹತ್ತಿರವೇ ಇರಬೇಕು.

ಮನೆ ಇಲ್ಲದ ಟೀಮು

ಈಗ ಅಸಲಿ ವಿಷಯಕ್ಕೆ ಬರೋಣು. 2022ರಲ್ಲಿ ಮ್ಯಾಚುಗಳು ಮೈಸೂರು, ಬೆಂಗಳೂರಿನಲ್ಲಿ. 2023, 2024 ಬೆಂಗಳೂರಿನಲ್ಲಿ. 2025ರ ಜೂನ್ 4ರ ಕಾಲ್ತುಳಿತದ ನಂತರ ಚಿನ್ನಸ್ವಾಮಿ ಬಿಟ್ಟು ಪೂರ್ತಿ ಮೈಸೂರಿಗೆ ಹೋಯ್ತು. ಕಲಬುರಗಿಗೆ ಒಂದೂ ಬರಲಿಲ್ಲ. ಯಾದಗಿರಿಯಿಂದ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ರಾತ್ರಿಯಿಡೀ ಕೂತರೆ ಬೆಂಗಳೂರು ಸಿಗ್ತದ, ಮೈಸೂರು ಇನ್ನೂ ಮುಂದ. ಅಂದ್ರೆ ನಮ್ಮ ಟೀಮಿನ ತವರು ಮೈದಾನ ನಮ್ಮ ಫೋನಿನ ಸ್ಕ್ರೀನ್.

ಕಾರಣ ಗುಟ್ಟೇನಲ್ಲ. ರಾತ್ರಿ ಮ್ಯಾಚಿಗೆ ಫ್ಲಡ್‌ಲೈಟು, ಒಳ್ಳೆ ಟರ್ಫ್ ಪಿಚ್‌ಗಳು, ಟಿವಿಯವರಿಗೆ ಜಾಗ, ಆರು ಟೀಮಿಗೆ ಹೋಟೆಲು ಬೇಕು. ಎಲ್ಲಾ ಒಂದೇ ಊರಲ್ಲಿ ಮಾಡಿದ್ರ ಖರ್ಚು ಉಳೀತದ.

ಅಮೆರಿಕದ ಮೈನರ್ ಲೀಗ್ ಬೇಸ್‌ಬಾಲ್ ನೋಡ್ರಿ. ಅಲ್ಲಿಯೂ ಆಟಗಾರ ಊರಿನವ ಅಲ್ಲ, ಇವತ್ತು ಇದ್ದವ ನಾಳೆ ಮ್ಯಾಲಿನ ಟೀಮಿಗೆ ಹೋಗ್ತಾನ. ಆದ್ರ ಮೈದಾನ ಊರಲ್ಲೇ ಅದ. ಅಜ್ಜ ಕೂತ ಗ್ಯಾಲರಿಯಲ್ಲಿ ಮೊಮ್ಮಗ ಕೂಡ್ತಾನ. 2021ರಲ್ಲಿ ಅಲ್ಲಿನ ದೊಡ್ಡ ಲೀಗು ಖರ್ಚಿನ ಲೆಕ್ಕ ಹಾಕಿ ತನ್ನ ಜೊತೆಗಿದ್ದ ಟೀಮುಗಳನ್ನ 160ರಿಂದ 120ಕ್ಕೆ ಇಳಿಸಿದಾಗ ಸಣ್ಣ ಊರುಗಳು ಸಿಟ್ಟಾದವು. ಕಳಕೊಳ್ಳೋಕೆ ಅವರ ಹತ್ರ ಏನೋ ಇತ್ತು. ನಾಳೆ ಮಿಸ್ಟಿಕ್ಸ್ ಹೆಸರು ಬದಲಾದ್ರ ಕಲಬುರಗಿಯಲ್ಲಿ ಖಾಲಿ ಆಗೋ ಒಂದು ಕುರ್ಚಿಯೂ ಇಲ್ಲ.

ಇದು ಟೀಮಿಗೆ ಬೈಯೋ ಮಾತಲ್ಲ. 2022ರ ಗೆಲುವು ಖರೇನೇ, ಆ ಖುಷಿಯೂ ಖರೇನೇ. ಲೀಗಿನೋರು ಒಂದು ಸೀಸನ್‌ನಲ್ಲಿ ಎರಡೇ ಎರಡು ಮ್ಯಾಚು, ಹಗಲು ಹೊತ್ತಿನಲ್ಲೇ ಆಗಲಿ, ಈ ಕಡೆ ತಂದ್ರ ಸಾಕು. ಶಹಾಪುರದ ಬುದ್ಧನ ಗುಡ್ಡದ ಕೆಳಗೆ ಟೆನಿಸ್ ಬಾಲ್ ಆಡೋ ಹುಡುಗ, ತನ್ನಂಥ ಒಬ್ಬ ಆ ಜೆರ್ಸಿ ಹಾಕ್ಕೊಂಡು ಓಡೋದನ್ನ ಬೌಂಡರಿ ಹಗ್ಗದ ಹತ್ರ ನಿಂತು ನೋಡ್ಲಿ.

ನಿಮ್ಮ ತಾಲ್ಲೂಕಿನಲ್ಲಿ ಲೆದರ್ ಬಾಲ್ ಆಡೋಕೆ ಸರಿಯಾದ ಪಿಚ್ ಎಲ್ಲಿ ಅದ? ವಾಯ್ಸ್ ಮೆಸೇಜ್ ಕಳಿಸ್ರಿ, ಮುಂದಿನ ಎಪಿಸೋಡಿನಲ್ಲಿ ಕೇಳಿಸ್ತೀನಿ. ಬರ್ತೀನ್ರಿ.