ಹಿರಿಯ ನಾಗರಿಕರಲ್ಲಿ ತುರಿಕೆ ಮತ್ತು ನೀರುಗುಳ್ಳೆಯ ಕಾಯಿಲೆ (ಬುಲ್ಲಸ್ ಪೆಂಫಿಗಾಯ್ಡ್)

ಸಾರ್ವಜನಿಕರ ಮಾಹಿತಿಗಾಗಿ

ವಯಸ್ಸಾದವರಲ್ಲಿ ಕಂಡುಬರುವ ಮೈ ತುರಿಕೆಗೆ ಸಾಮಾನ್ಯವಾಗಿ ಒಣ ಚರ್ಮವೇ ಕಾರಣವಾಗಿರುತ್ತದೆ. ಆದರೆ 60 ವರ್ಷ ಮೀರಿದವರಲ್ಲಿ ವಾರಗಟ್ಟಲೆ ಬಿಡದೆ ಕಾಡುವ ತುರಿಕೆಯು ಕೆಲವೊಮ್ಮೆ ಬುಲ್ಲಸ್ ಪೆಂಫಿಗಾಯ್ಡ್ ಎಂಬ ಚರ್ಮರೋಗದ ಮೊದಲ ಲಕ್ಷಣವಾಗಿರಬಹುದು. ಈ ರೋಗದಲ್ಲಿ ಗುಳ್ಳೆಗಳು ಏಳುವುದಕ್ಕೆ ಮೊದಲು ಹಲವು ವಾರ ಅಥವಾ ತಿಂಗಳುಗಳ ಕಾಲ ಬರೀ ತುರಿಕೆ ಮತ್ತು ದದ್ದು ಇರುವುದುಂಟು. ಆದುದರಿಂದ ಮನೆಯ ಹಿರಿಯರ ತುರಿಕೆಯನ್ನು ವಯೋಸಹಜವೆಂದು ಕಡೆಗಣಿಸಬಾರದಾಗಿ ಕೋರಲಾಗಿದೆ.

ರೋಗದ ಸ್ವರೂಪ

ಚರ್ಮದ ಮೇಲ್ಪದರವನ್ನು ಕೆಳಪದರಕ್ಕೆ ಬಂಧಿಸುವ ಕೆಲವು ಪ್ರೋಟೀನುಗಳ ವಿರುದ್ಧ ದೇಹದ ರೋಗನಿರೋಧಕ ವ್ಯವಸ್ಥೆಯೇ ಪ್ರತಿಕಾಯಗಳನ್ನು ಉತ್ಪಾದಿಸುತ್ತದೆ. ಇದರಿಂದ ಎರಡು ಪದರಗಳು ಬೇರ್ಪಟ್ಟು, ನಡುವೆ ನೀರು ತುಂಬಿ ಗುಳ್ಳೆಗಳಾಗುತ್ತವೆ. 1953ರಲ್ಲಿ ವಾಲ್ಟರ್ ಲೀವರ್ ಎಂಬ ವೈದ್ಯರು ಇದನ್ನು ಪೆಂಫಿಗಸ್ ರೋಗದಿಂದ ಪ್ರತ್ಯೇಕಿಸಿ ಗುರುತಿಸಿದರು.

ಇದು ಅಂಟುರೋಗವಲ್ಲ. ಮುಟ್ಟುವುದರಿಂದ, ಒಟ್ಟಿಗೆ ಊಟ ಮಾಡುವುದರಿಂದ ಅಥವಾ ಬಟ್ಟೆಯಿಂದ ಹರಡುವುದಿಲ್ಲ. ರೋಗಿಯನ್ನು ಪ್ರತ್ಯೇಕವಾಗಿ ಇರಿಸುವ ಅಗತ್ಯವಿರುವುದಿಲ್ಲ.

ಯಾರಲ್ಲಿ ಹೆಚ್ಚು?

1. ಸಾಮಾನ್ಯವಾಗಿ 60 ವರ್ಷ ಮೀರಿದವರಲ್ಲಿ; ವಯಸ್ಸು ಹೆಚ್ಚಿದಂತೆ ಸಂಭವವೂ ಹೆಚ್ಚುತ್ತದೆ.
2. ಪಾರ್ಶ್ವವಾಯು, ಪಾರ್ಕಿನ್ಸನ್ ಕಾಯಿಲೆ ಅಥವಾ ಮರೆಗುಳಿ ಕಾಯಿಲೆ ಇರುವವರಲ್ಲಿ.
3. ಕೆಲವು ಔಷಧಿಗಳನ್ನು ಸೇವಿಸುವವರಲ್ಲಿ. ಮುಖ್ಯವಾಗಿ ಸಕ್ಕರೆ ಕಾಯಿಲೆಗೆ ನೀಡುವ ವಿಲ್ಡಾಗ್ಲಿಪ್ಟಿನ್, ಲಿನಾಗ್ಲಿಪ್ಟಿನ್ ಮುಂತಾದ ಗ್ಲಿಪ್ಟಿನ್ ಮಾತ್ರೆಗಳು. ಮಾತ್ರೆ ಆರಂಭಿಸಿ ಹಲವು ತಿಂಗಳುಗಳಾದ ನಂತರವೂ ರೋಗ ಕಾಣಿಸಿಕೊಳ್ಳಬಹುದು. ಆದರೆ ವೈದ್ಯರನ್ನು ಕೇಳದೆ ಯಾವುದೇ ಮಾತ್ರೆಯನ್ನು ಸ್ವತಃ ನಿಲ್ಲಿಸಬಾರದು.

ಲಕ್ಷಣಗಳು

ನಿದ್ರೆ ಕೆಡಿಸುವಷ್ಟು ತುರಿಕೆ. ಕೆಂಪಾದ, ಉಬ್ಬಿದ ದದ್ದುಗಳು. ಆನಂತರ ಹೊಟ್ಟೆಯ ಕೆಳಭಾಗ, ತೊಡೆ, ತೊಡೆಸಂದು, ಕಂಕುಳು ಮತ್ತು ತೋಳುಗಳ ಮೇಲೆ ಬಿಗಿಯಾದ, ಸುಲಭವಾಗಿ ಒಡೆಯದ ನೀರುಗುಳ್ಳೆಗಳು. ಕೆಲವರಲ್ಲಿ ಬಾಯಿಯಲ್ಲಿಯೂ ಹುಣ್ಣಾಗುತ್ತದೆ. ಕೆಲವರಲ್ಲಿ ಗುಳ್ಳೆಗಳು ಏಳದೆಯೇ ತುರಿಕೆ ಮುಂದುವರಿಯುವುದೂ ಉಂಟು.

ಇದೇ ರೀತಿ ಕಾಣುವ ಇತರ ಕಾಯಿಲೆಗಳು

- ಕಜ್ಜಿ: ಬೆರಳುಗಳ ಸಂದು ಮತ್ತು ಮಣಿಕಟ್ಟಿನಲ್ಲಿ, ರಾತ್ರಿ ವೇಳೆ ಹೆಚ್ಚು ತುರಿಕೆ, ಮನೆಯ ಇತರರಿಗೂ ತುರಿಕೆ ಇರಬಹುದು. ಇದು ಅಂಟುವ ಕಾಯಿಲೆಯಾದುದರಿಂದ ಮನೆಯವರೆಲ್ಲರೂ ಒಟ್ಟಿಗೆ ಚಿಕಿತ್ಸೆ ಪಡೆಯತಕ್ಕದ್ದು.
- ಸರ್ಪಸುತ್ತು: ದೇಹದ ಒಂದೇ ಪಾರ್ಶ್ವದಲ್ಲಿ ಪಟ್ಟಿಯಂತೆ ಗುಳ್ಳೆಗಳು; ತುರಿಕೆಗಿಂತ ಉರಿ ಮತ್ತು ನೋವು ಹೆಚ್ಚು.
- ಪೆಂಫಿಗಸ್: ತೆಳುವಾದ, ಬೇಗ ಒಡೆಯುವ ಗುಳ್ಳೆಗಳು, ಬಾಯಿಹುಣ್ಣು ಹೆಚ್ಚು, ಮಧ್ಯವಯಸ್ಕರಲ್ಲಿಯೂ ಕಂಡುಬರುತ್ತದೆ.

ಪರೀಕ್ಷೆ

ಕಣ್ಣಳತೆಯಿಂದ ಮಾತ್ರ ರೋಗವನ್ನು ಖಚಿತಪಡಿಸಲು ಸಾಧ್ಯವಿಲ್ಲ. ಮರಗಟ್ಟಿಸುವ ಚುಚ್ಚುಮದ್ದು ನೀಡಿ ಚರ್ಮದ ಎರಡು ಸಣ್ಣ ತುಣುಕುಗಳನ್ನು ತೆಗೆಯಲಾಗುವುದು. ಒಂದನ್ನು ಸಾಮಾನ್ಯ ಸೂಕ್ಷ್ಮದರ್ಶಕ ಪರೀಕ್ಷೆಗೂ, ಗುಳ್ಳೆಯ ಪಕ್ಕದ ಚರ್ಮದಿಂದ ತೆಗೆದ ಇನ್ನೊಂದನ್ನು ಇಮ್ಯುನೊಫ್ಲೋರೆಸೆನ್ಸ್ ಪರೀಕ್ಷೆಗೂ ಒಳಪಡಿಸಲಾಗುತ್ತದೆ. ಎರಡನೆಯ ಪರೀಕ್ಷೆಯ ಸೌಲಭ್ಯ ಎಲ್ಲೆಡೆ ಇರುವುದಿಲ್ಲವಾದುದರಿಂದ ರೋಗಿಯನ್ನು ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಕಳುಹಿಸಬೇಕಾಗಬಹುದು.

ಚಿಕಿತ್ಸೆ

ಕ್ಲೋಬೆಟಸಾಲ್‌ನಂತಹ ಪ್ರಬಲ ಸ್ಟೀರಾಯ್ಡ್ ಮುಲಾಮನ್ನು ಮೈಗೆ ಲೇಪಿಸುವುದು ಪ್ರಮುಖ ಚಿಕಿತ್ಸೆಯಾಗಿರುತ್ತದೆ. ಅಗತ್ಯವಿದ್ದಲ್ಲಿ ಪ್ರೆಡ್ನಿಸೋಲೋನ್ ಮಾತ್ರೆ ನೀಡಲಾಗುತ್ತದೆ. ಡಾಕ್ಸಿಸೈಕ್ಲಿನ್ ಮಾತ್ರೆಯಿಂದ ಚಿಕಿತ್ಸೆ ಆರಂಭಿಸಿದವರಲ್ಲಿ ಗುಣ ನಿಧಾನವಾದರೂ ತೀವ್ರ ಅಡ್ಡಪರಿಣಾಮಗಳು ಕಡಿಮೆ ಎಂಬುದು 2017ರಲ್ಲಿ ಪ್ರಕಟವಾದ ಅಧ್ಯಯನದಿಂದ ತಿಳಿದುಬಂದಿದೆ. ಚಿಕಿತ್ಸೆಯು ಹಲವು ತಿಂಗಳು, ಕೆಲವೊಮ್ಮೆ ವರ್ಷಕ್ಕೂ ಮೀರಿ ಮುಂದುವರಿಯಬಹುದು.

ಸ್ಟೀರಾಯ್ಡ್ ಮಾತ್ರೆಯಿಂದ ರಕ್ತದ ಸಕ್ಕರೆ ಮತ್ತು ರಕ್ತದೊತ್ತಡ ಏರಬಹುದು, ಮೂಳೆ ದುರ್ಬಲವಾಗಬಹುದು, ಸೋಂಕು ತಗುಲಬಹುದು. ಆದುದರಿಂದ ಹಳೆಯ ಚೀಟಿಯನ್ನು ತೋರಿಸಿ ಅಂಗಡಿಯಿಂದ ಮಾತ್ರೆ ತಂದು ಮುಂದುವರಿಸಬಾರದು. ತುರಿಕೆ ಕಡಿಮೆಯಾಯಿತೆಂದು ಒಮ್ಮೆಲೇ ನಿಲ್ಲಿಸುವುದೂ ಅಪಾಯಕರ. ವೈದ್ಯರು ಸೂಚಿಸಿದಂತೆ ಹಂತಹಂತವಾಗಿ ಪ್ರಮಾಣ ತಗ್ಗಿಸತಕ್ಕದ್ದು.

ಮನೆಯಲ್ಲಿ ಆರೈಕೆ

1. ಉಗುರುಗಳನ್ನು ಕತ್ತರಿಸಿ, ಉಗುರುಬೆಚ್ಚಗಿನ ನೀರಿನಲ್ಲಿ ಸ್ನಾನ ಮಾಡಿಸುವುದು. ಮೈ ಉಜ್ಜಬಾರದು.
2. ಗುಳ್ಳೆಯ ಮೇಲಿನ ಚರ್ಮವನ್ನು ಕೀಳಬಾರದು. ದೊಡ್ಡ ಗುಳ್ಳೆಯ ನೀರನ್ನು ಆರೋಗ್ಯ ಸಿಬ್ಬಂದಿಯಿಂದಲೇ ತೆಗೆಸುವುದು.
3. ಒಗೆದು ಒಣಗಿಸಿದ ಮೆತ್ತನೆಯ ಹತ್ತಿ ಬಟ್ಟೆಯನ್ನು ಉಡಿಸುವುದು, ಹಾಸುವುದು.
4. ಹಸಿ ಗಾಯಕ್ಕೆ ಸೊಪ್ಪಿನ ರಸ, ಸುಣ್ಣ, ಬೂದಿ ಹಚ್ಚಬಾರದು. ಗಾಯ ಹಾಸಿಗೆಗೆ ಅಂಟದಂತೆ ಆಸ್ಪತ್ರೆಗಳಲ್ಲಿ ಶುದ್ಧಗೊಳಿಸಿದ ಬಾಳೆ ಎಲೆ ಬಳಸುವ ರೂಢಿಯುಂಟು. ಮನೆಯಲ್ಲಿ ಬಳಸುವ ಮೊದಲು ವೈದ್ಯರನ್ನು ಕೇಳತಕ್ಕದ್ದು.

ತಕ್ಷಣ ಆಸ್ಪತ್ರೆಗೆ ಕರೆತರಬೇಕಾದ ಸಂದರ್ಭಗಳು

ಜ್ವರ, ಗಾಯದಲ್ಲಿ ಕೀವು, ಒಂದೆರಡು ದಿನಗಳಲ್ಲೇ ಮೈತುಂಬ ಗುಳ್ಳೆ, ಆಹಾರ ನುಂಗಲಾಗದಿರುವುದು, ಕಪ್ಪು ಮಲ, ಮಂಕು ಕವಿಯುವುದು.

ಸೇವೆ ಪಡೆಯುವ ವಿಧಾನ

ಮೊದಲು ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ತಾಲ್ಲೂಕು ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸಿ, ಅಲ್ಲಿನ ವೈದ್ಯರ ಸಲಹೆಯಂತೆ ಜಿಲ್ಲಾ ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಬರುವುದು. ಬರುವಾಗ ಈ ಕೆಳಕಂಡವುಗಳನ್ನು ತರತಕ್ಕದ್ದು:

- ಸೇವಿಸುತ್ತಿರುವ ಎಲ್ಲಾ ಮಾತ್ರೆಗಳು, ಖಾಲಿ ಪಟ್ಟಿಗಳು ಮತ್ತು ಹಚ್ಚುತ್ತಿರುವ ಮುಲಾಮುಗಳು
- ತುರಿಕೆ ಆರಂಭವಾದ ದಿನ ಮತ್ತು ಹೊಸ ಮಾತ್ರೆ ಆರಂಭಿಸಿದ ದಿನದ ವಿವರ
- ಹಿಂದಿನ ಚಿಕಿತ್ಸಾ ಚೀಟಿಗಳು ಮತ್ತು ರಕ್ತಪರೀಕ್ಷೆಯ ವರದಿಗಳು
- ಆಧಾರ್ ಕಾರ್ಡ್ ಮತ್ತು ಪಡಿತರ ಚೀಟಿ

ಮರೆವು ಇರುವ ಅಥವಾ ಮಾತನಾಡಲಾಗದ ಹಿರಿಯರು ತುರಿಕೆಯನ್ನು ಹೇಳಿಕೊಳ್ಳಲಾರರು. ಅವರ ಮೈ ಮೇಲಿನ ಉಗುರಿನ ಗೀರುಗಳನ್ನು ಮನೆಯವರೇ ಗಮನಿಸಬೇಕು. ದಿನನಿತ್ಯ ಆರೈಕೆ ಮಾಡುವವರೇ ರೋಗಿಯ ಜೊತೆಯಲ್ಲಿ ಬರುವುದು ಸೂಕ್ತ.

ಸೂಚನೆ: ಈ ಪುಟದಲ್ಲಿನ ವಿವರಗಳು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ. ಇವು ವೈದ್ಯರ ತಪಾಸಣೆಗೆ ಪರ್ಯಾಯವಾಗಿರುವುದಿಲ್ಲ.