ಗಂಗಿಯ ಹೆಸರಿಗೆ ನೀಲಿ ಗೆರೆ

ಬೈಲಹೊಂಗಲ ಅಂದ ಕೂಡಲೇ ಹೊರಗಿನ ಮಂದಿಗೆ ನೆನಪಾಗೋದು 1829ರಲ್ಲಿ ಇಲ್ಲಿ ತೀರಿಕೊಂಡ ಕಿತ್ತೂರು ಚೆನ್ನಮ್ಮ. ನಮ್ಮ ಕಡೆಯವರಿಗೆ ಇನ್ನೊಂದು ಸಾವೂ ನೆನಪಾಗುತ್ತೆ, ಸಂಗ್ಯಾನದು. ಗೆಳೆಯ ಬಾಳ್ಯಾನ ನೆರವಿನಿಂದ ಈರ್ಯಾನ ಹೆಂಡತಿ ಗಂಗಿಯನ್ನು ಒಲಿಸಿಕೊಂಡು, ಕೊನೆಗೆ ಅದೇ ಬಾಳ್ಯಾನ ದ್ರೋಹದಿಂದ ಕೊಲೆಯಾದವನು. ಬೈಲವಾಡದ ಪತ್ತಾರ ಮಾಸ್ತರರ ಹೆಸರಿನಲ್ಲಿರೋ ಈ ಸಣ್ಣಾಟದ ಹಾಡು ಕೇಳದೆ ನಮ್ಮ ಹಳ್ಳಿಗಳಲ್ಲಿ ಯಾರೂ ಬೆಳೆದಿಲ್ಲ. ಖರೇನ ನಡೆದದ್ದು ಅಂತಲೇ ಎಲ್ಲರೂ ಹೇಳ್ತಾರೆ.

ಇದನ್ನು ಇ-ಪುಸ್ತಕ ಮಾಡಿದರೆ ಒಳಗೆ ಲಿಂಕ್ ಹಾಕಬೇಕೇ? ಸಾಫ್ಟ್‌ವೇರ್‌ನವರಿಗೆ ಇದೊಂದು ಪ್ರಶ್ನೆಯೇ ಅಲ್ಲ. ಇಪಬ್ ಅನ್ನೋದು ಒಳಗಿನಿಂದ ವೆಬ್ ಪುಟವೇ, ಒಂದು ಟ್ಯಾಗ್ ಸಾಕು. 2011ರಲ್ಲಿ ಇಪಬ್ 3 ಬಂದ ಮೇಲಂತೂ ಟಿಪ್ಪಣಿಯನ್ನು ಓದ್ತಿರೋ ಪುಟದ ಮೇಲೇ ತೇಲಿಸಬಹುದು. 'ಚಿಗವ್ವ' ಅನ್ನೋ ಪದವನ್ನು ಬೆಂಗಳೂರಿನ ಓದುಗ ಮುಟ್ಟಿದರೆ 'ಚಿಕ್ಕಮ್ಮ' ಅಂತ ಬರಲಿ, ಯಾರಿಗೂ ನಷ್ಟವಿಲ್ಲ. ನನ್ನ ತಕರಾರು ಮನುಷ್ಯರ ಹೆಸರಿಗೆ ಹಾಕೋ ಲಿಂಕ್ ಬಗ್ಗೆ. ಆ ಚಾಳಿ ಕಂಪ್ಯೂಟರಿಗಿಂತ ಹಳೇದು.

1880ರ ದಶಕದಲ್ಲಿ, ಮುಂಬಯಿ ಪ್ರಾಂತ್ಯದ ಅಧಿಕಾರಿಯೂ ಶಾಸನತಜ್ಞನೂ ಆಗಿದ್ದ ಜೆ.ಎಫ್. ಫ್ಲೀಟ್ ನಮ್ಮ ಕಡೆಯ ಲಾವಣಿಗಳನ್ನು 'ಇಂಡಿಯನ್ ಆಂಟಿಕ್ವೆರಿ' ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ. ಕನ್ನಡ ಪಾಠ, ಇಂಗ್ಲಿಷ್ ಅನುವಾದ, ಟಿಪ್ಪಣಿ. ಸಂಗೊಳ್ಳಿ ರಾಯಣ್ಣನ ಲಾವಣಿ ಅದರಲ್ಲಿತ್ತು, ಸಂಗ್ಯಾನದೂ ಇತ್ತು. ಬಾಯಲ್ಲಿದ್ದದ್ದು ಕಾಗದದಲ್ಲಿ ಉಳೀತು, ಅದಕ್ಕೆ ಫ್ಲೀಟನಿಗೆ ಶರಣು. ಆದರೆ ಟಿಪ್ಪಣಿ ಯಾರಿಗೆ? ಡಪ್ಪಿನ ಮುಂದೆ ಕೂತು ಕೇಳೋರಿಗಂತೂ ಅಲ್ಲ. ಸಂಗ್ಯಾನ ಲಾವಣಿಗೆ ಕೊಟ್ಟ ಇಂಗ್ಲಿಷ್ ಹೆಸರಿನಲ್ಲಿ 'ಅಪರಾಧ' ಮುಂದೆ, 'ಸಾವು' ಹಿಂದೆ. ಹಾಡು ಶುರುವಾಗೋ ಮೊದಲೇ ತೀರ್ಪು! ಇವತ್ತು ಕಾದಂಬರಿಯೊಂದರಲ್ಲಿ ರಾಯಣ್ಣನ ಹೆಸರಿಗೆ ಲಿಂಕ್ ಹಾಕಿ ನೋಡಿ. ಎರಡು ಮೂರು ಪುಟ ದಾಟೋದರೊಳಗೆ ಕಂಪನಿ ಸರಕಾರದ ಕಡತಕ್ಕೆ ಬಂದು ನಿಲ್ಲಬಹುದು. 1831ರಲ್ಲಿ ನಂದಗಡದಲ್ಲಿ ಅವನನ್ನು ಗಲ್ಲಿಗೆ ಹಾಕಿದವರ ಬರಹ ಅದು.

ಇನ್ನೊಂದು ತೊಂದರೆ, ಟಿಪ್ಪಣಿ ಬರೆಯೋನಿಗೆ ಕಥೆಯ ಕೊನೆ ಗೊತ್ತಿರುತ್ತೆ. ಮೊದಲ ಪುಟದಲ್ಲೇ ಬಾಳ್ಯಾನ ಹೆಸರು ನೀಲಿಯಾಗಿ ಕಂಡರೆ ಓದುಗನಿಗೆ ಅನುಮಾನ ಬಂದೇ ಬಿಡುತ್ತೆ. ಅಮೆರಿಕದ ಮೈಕೆಲ್ ಜಾಯ್ಸ್ 1987ರಲ್ಲಿ 'ಆಫ್ಟರ್‌ನೂನ್, ಎ ಸ್ಟೋರಿ' ಅನ್ನೋ ಹೈಪರ್‌ಟೆಕ್ಸ್ಟ್ ಕಥೆ ಬರೆದಾಗ ಇದನ್ನು ಚೆನ್ನಾಗಿ ಬಲ್ಲವನಾಗಿದ್ದ. ಯಾವ ಪದ ಲಿಂಕ್ ಅಂತ ಗುರುತೇ ಹಾಕಲಿಲ್ಲ. ಮುಟ್ಟಿದ ಪದ ಕಥೆಯ ಇನ್ನೊಂದು ತುಣುಕಿಗೆ ಒಯ್ಯುತ್ತೆ, ಕಥೆಯಿಂದ ಹೊರಗಲ್ಲ.

ನಮ್ಮ ದೊಡ್ಡಾಟದ ಸಾರಥಿ ಮಾಡೋದೂ ಹೆಚ್ಚುಕಡಿಮೆ ಅದೇ. ವೇಷ ರಂಗಕ್ಕೆ ಬಂದ ಕೂಡಲೇ ತಾವು ಯಾರು, ಯಾವ ಊರು ಅಂತ ಕೇಳ್ತಾನೆ. ಉತ್ತರ ಕೊಡೋದು ವೇಷವೇ, ಪಕ್ಕದಲ್ಲಿ ಕೂತ ಪಂಡಿತ ಅಲ್ಲ. ಎಷ್ಟು ಹೇಳಬೇಕೋ ಅಷ್ಟೇ ಹೇಳುತ್ತೆ, ಆಟ ಮುಂದೆ ಹೋಗುತ್ತೆ.

ಹಾಗಾದರೆ ಗಂಗಿಯ ಹೆಸರನ್ನು ಮುಟ್ಟಿದ ಓದುಗ ಎಲ್ಲಿಗೆ ಹೋಗಬೇಕು? ಖರೇ ಗಂಗಿ ಯಾರು, ಯಾವ ಓಣಿ, ಯಾವ ಮನೆತನ ಅನ್ನೋ ಪುಟಕ್ಕೆ? ಅಂಥ ಪುಟ ಮಾಡೋ ಉತ್ಸಾಹಿಗಳು ನಮ್ಮಲ್ಲಿ ಕಡಿಮೆ ಇಲ್ಲ. ಆಟದಲ್ಲಿ ಗಂಗಿ ಹೆದರ್ತಾಳೆ, ಆಸೆಪಡ್ತಾಳೆ, ಹಾಡ್ತಾಳೆ. ಆ ಲಿಂಕ್ ಬಿದ್ದ ಕ್ಷಣ ಅವಳು ಒಂದು ಕೊಲೆ ಕೇಸಿನ ಸಾಕ್ಷಿ ಆಗಿಬಿಡ್ತಾಳೆ, ಮತ್ತೆ ಅವಳ ಹಾಡು ಯಾರಿಗೂ ಹಾಡಾಗಿ ಕೇಳೋದಿಲ್ಲ.

ಈ ಪುಸ್ತಕದ ಕೆಲಸ ನನ್ನ ಕೈಗೆ ಬಂದರೆ 'ಚಿಗವ್ವ'ನಂಥ ಪದಗಳಿಗೆ ತೇಲೋ ಟಿಪ್ಪಣಿ ಹಾಕ್ತೀನಿ. ಫ್ಲೀಟನ ಲಾವಣಿ ಇಡಿಯಾಗಿ ಕೊನೆಯಲ್ಲಿರಲಿ, ಬೇಕಾದವರು ಕಥೆ ಮುಗಿಸಿ ಓದಲಿ. ಗಂಗಿಯ ಹೆಸರಿಗೆ ಲಿಂಕ್ ಬೇಕೇ ಬೇಕು ಅಂತ ಯಾರಾದರೂ ಹಟ ಹಿಡಿದರೆ, ಅದು ಅವಳ ಮುಂದಿನ ಹಾಡಿಗೆ.