ಎಂಇಎನ್ ೨ಬಿ ಮತ್ತು ತೊಡೆಮೂಳೆಯ ತಲೆಯ ಜಾರುವಿಕೆ

ತೊಡೆಮೂಳೆಯ ತಲೆಯ ಜಾರುವಿಕೆಯು ಹದಿಹರೆಯದವರ ಸೊಂಟದ ಕೀಲಿಗೆ ಬರುವ ಒಂದು ರೋಗ. ಬೆಳೆಯುತ್ತಿರುವ ಮೂಳೆಯ ತುದಿಯಲ್ಲಿರುವ ಮೃದ್ವಸ್ಥಿಯ ಪದರವು ದುರ್ಬಲಗೊಂಡಾಗ ಮೂಳೆಯ ತಲೆಯು ಕತ್ತಿನ ಮೇಲಿಂದ ಹಿಂದಕ್ಕೆ ಜಾರುತ್ತದೆ. ಇದು ಸಾಮಾನ್ಯವಾಗಿ ೧೦ರಿಂದ ೧೬ ವರ್ಷದವರಲ್ಲಿ, ಅದರಲ್ಲೂ ಹುಡುಗರಲ್ಲಿ ಹೆಚ್ಚಾಗಿ ಕಂಡುಬರುತ್ತದೆ. ಅತಿತೂಕ ಮತ್ತು ಥೈರಾಯ್ಡ್ ಹಾರ್ಮೋನಿನ ಕೊರತೆಯಂತಹ ನಿರ್ನಾಳ ಗ್ರಂಥಿಗಳ ದೋಷಗಳು ಇದಕ್ಕೆ ಎಡೆಮಾಡಿಕೊಡುತ್ತವೆ. ವಿರಳವಾಗಿ ಇದು ಎಂಇಎನ್ ೨ಬಿ ಎಂಬ ಆನುವಂಶಿಕ ರೋಗದ ಅಂಗವಾಗಿಯೂ ಬರುತ್ತದೆ.

ಎಂಇಎನ್ ೨ಬಿ

೧೦ನೆಯ ವರ್ಣತಂತುವಿನಲ್ಲಿರುವ ರೆಟ್ ಎಂಬ ವಂಶವಾಹಿಯ ಉತ್ಪರಿವರ್ತನೆಯೇ ಈ ರೋಗಕ್ಕೆ ಕಾರಣವೆಂದು ೧೯೯೪ರಲ್ಲಿ ತಿಳಿದುಬಂದಿತು. ರೋಗವುಳ್ಳ ತಂದೆ ಅಥವಾ ತಾಯಿಯಿಂದ ಮಗುವಿಗೆ ಇದು ಬರುವ ಸಾಧ್ಯತೆ ಶೇ. ೫೦. ಆದರೆ ಅನೇಕರಲ್ಲಿ ಈ ಬದಲಾವಣೆಯು ಹೊಸದಾಗಿ ಉಂಟಾಗುವುದರಿಂದ, ಮನೆತನದಲ್ಲಿ ಯಾರಿಗೂ ಇರಲಿಲ್ಲವೆಂದು ರೋಗವನ್ನು ಅಲ್ಲಗಳೆಯುವಂತಿಲ್ಲ. ಬಹುತೇಕ ಎಲ್ಲ ರೋಗಿಗಳಲ್ಲಿಯೂ ಮೆಡುಲರಿ ಥೈರಾಯ್ಡ್ ಕ್ಯಾನ್ಸರ್, ಸುಮಾರು ಅರ್ಧದಷ್ಟು ಮಂದಿಯಲ್ಲಿ ಅಡ್ರಿನಲ್ ಗ್ರಂಥಿಯ ಗೆಡ್ಡೆಯಾದ ಫಿಯೋಕ್ರೋಮೋಸೈಟೋಮ ಬೆಳೆಯುತ್ತದೆ.

ಲಕ್ಷಣಗಳು

ಕುಂಟುನಡಿಗೆ, ಸೊಂಟದ ಅಥವಾ ತೊಡೆಯ ನೋವು ಹಾಗೂ ಪಾದವು ಹೊರಕ್ಕೆ ತಿರುಗುವುದು ಜಾರುವಿಕೆಯ ಲಕ್ಷಣಗಳು. ಕೆಲವರಲ್ಲಿ ನೋವು ಮೊಣಕಾಲಿನಲ್ಲಿ ಮಾತ್ರ ಕಾಣಿಸಿಕೊಳ್ಳುವುದರಿಂದ ರೋಗನಿರ್ಣಯವು ತಡವಾಗುವುದುಂಟು. ಎಂಇಎನ್ ೨ಬಿ ಇರುವವರು ಸಾಮಾನ್ಯವಾಗಿ ತೆಳ್ಳಗೆ, ನೀಳವಾದ ಕೈಕಾಲುಗಳನ್ನು ಹೊಂದಿರುತ್ತಾರೆ. ತುಟಿ ಮತ್ತು ನಾಲಗೆಯ ಮೇಲೆ ಸಣ್ಣ ಗಂಟುಗಳು, ದಪ್ಪ ತುಟಿಗಳು, ಶೈಶವದಿಂದಲೇ ಮಲಬದ್ಧತೆ ಹಾಗೂ ಅಳುವಾಗ ಕಣ್ಣೀರು ಬಾರದಿರುವುದು ಇತರ ಕುರುಹುಗಳು. ಆದ್ದರಿಂದ ಅತಿತೂಕವಿಲ್ಲದ ಮಗುವಿನಲ್ಲಿ ಜಾರುವಿಕೆ ಕಂಡುಬಂದಾಗ ಈ ಕುರುಹುಗಳನ್ನೂ ಗಮನಿಸಬೇಕಾಗುತ್ತದೆ.

ಪತ್ತೆ ಮತ್ತು ಚಿಕಿತ್ಸೆ

ಎರಡೂ ಸೊಂಟಗಳ ಎಕ್ಸ್‌ರೇಯಿಂದ ಜಾರುವಿಕೆಯನ್ನು ಪತ್ತೆಹಚ್ಚುತ್ತಾರೆ. ಆ ಕಾಲಿನ ಮೇಲೆ ಭಾರ ಹಾಕುವುದನ್ನು ಕೂಡಲೇ ನಿಲ್ಲಿಸಿ, ಶಸ್ತ್ರಚಿಕಿತ್ಸೆಯಿಂದ ಸ್ಕ್ರೂ ಅಳವಡಿಸಿ ಮೂಳೆಯ ತಲೆಯನ್ನು ಸ್ಥಿರಗೊಳಿಸಲಾಗುತ್ತದೆ. ತಡವಾದರೆ ಜಾರುವಿಕೆ ಹೆಚ್ಚುತ್ತದೆ. ತಲೆಗೆ ರಕ್ತಪೂರೈಕೆ ನಿಂತು ಮೂಳೆ ಸಾಯುವ ಅಪಾಯವೂ ಇದೆ.

ಎಂಇಎನ್ ೨ಬಿ ಶಂಕೆಯಿದ್ದಲ್ಲಿ ಅರಿವಳಿಕೆಗೆ ಮುನ್ನವೇ ರಕ್ತ ಅಥವಾ ಮೂತ್ರದಲ್ಲಿ ಮೆಟನೆಫ್ರಿನ್‌ಗಳ ಪ್ರಮಾಣವನ್ನು ಪರೀಕ್ಷಿಸಬೇಕು. ಪತ್ತೆಯಾಗದ ಫಿಯೋಕ್ರೋಮೋಸೈಟೋಮವು ಶಸ್ತ್ರಚಿಕಿತ್ಸೆಯ ವೇಳೆ ರಕ್ತದೊತ್ತಡವನ್ನು ಹಠಾತ್ತನೆ ಏರಿಸಿ ಪ್ರಾಣಕ್ಕೆ ಕುತ್ತು ತರಬಲ್ಲದು. ಥೈರಾಯ್ಡ್ ಕ್ಯಾನ್ಸರ್ ಬಹಳ ಎಳೆಯ ವಯಸ್ಸಿನಲ್ಲಿಯೇ ಹರಡಬಲ್ಲುದಾದ್ದರಿಂದ, ಅತ್ಯಧಿಕ ಅಪಾಯದ ಉತ್ಪರಿವರ್ತನೆಯುಳ್ಳ ಶಿಶುಗಳಿಗೆ ಮೊದಲ ವರ್ಷದೊಳಗೆ ಥೈರಾಯ್ಡ್ ಗ್ರಂಥಿಯನ್ನು ತೆಗೆಯಲು ಸಲಹೆ ನೀಡಲಾಗುತ್ತದೆ. ರೋಗ ದೃಢಪಟ್ಟವರ ತಂದೆ, ತಾಯಿ ಹಾಗೂ ಒಡಹುಟ್ಟಿದವರಿಗೂ ವಂಶವಾಹಿ ಪರೀಕ್ಷೆ ಅಗತ್ಯ.